ಜೋಳದ ರೊಟ್ಟಿ, ಕಪ್ಪು ನಾಲಿಗೆ

ಮುದಗಲ್ ಸೀಮೆಯಲ್ಲಿ ನಾಯಿಗೆ ಊಟ ಅಂದರೆ ರೊಟ್ಟಿ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನ ಎರೆಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ ಬರುತ್ತದೆ, ಅದರ ಹಿಟ್ಟು ಮನೆಮನೆಯ ಹಂಚಿನ ಮೇಲೆ ರೊಟ್ಟಿಯಾಗುತ್ತದೆ. ಮನೆಯವರು ಆ ರೊಟ್ಟಿಗೆ ಬ್ಯಾಳಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ಉಣ್ಣುತ್ತಾರೆ. ಅಂಗಳದಲ್ಲಿ ಕಾದು ಕುಳಿತ ನಾಯಿಗೆ ಬೀಳುವುದು ನಿನ್ನೆಯ ಕಟಕ ರೊಟ್ಟಿ. ಮೇಲೆ ಒಂದಿಷ್ಟು ಮಜ್ಜಿಗೆ ಸುರಿದರೆ ಅದು ಒಳ್ಳೆಯ ದಿನ. ಕಾಲುವೆ ನೀರು ಹರಿದ ಸಿಂಧನೂರು ಕಡೆ ಭತ್ತದ ಗದ್ದೆಗಳಾದ ಮೇಲೆ ನಾಯಿಯ ಪಾಲಿಗೂ ಅನ್ನ ಬಂದಿದೆ. ಲಿಂಗಸುಗೂರು, ಮಸ್ಕಿಯ ಮಳೆ ನಂಬಿದ ಹೊಲಗಳ ಕಡೆ ಇವತ್ತಿಗೂ ರೊಟ್ಟಿಯೇ.

ಇದೇ ಸೀಮೆಯ ಔಷಧ ಅಂಗಡಿಗಳಿಗೆ ಈಗ ನಾಯಿಯ ಚಿತ್ರ ಅಂಟಿಸಿದ ಬಾಟಲಿಗಳು ಬಂದಿವೆ. ಮಲ್ಟಿವಿಟಮಿನ್ ಸಿರಪ್, ಕ್ಯಾಲ್ಸಿಯಂ, ಲಿವರ್ ಟಾನಿಕ್, ಕೂದಲು ಹೊಳೆಯಲು ಒಂದು, ಕೀಲು ಗಟ್ಟಿಯಾಗಲು ಇನ್ನೊಂದು. ಇವುಗಳನ್ನು ಕೊಳ್ಳುವವರು ಸಾಮಾನ್ಯವಾಗಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿ ತಂದವರು. ಆ ಮರಿಗಳು ತಿನ್ನುವುದು ಪೊಟ್ಟಣದ ಆಹಾರ, ಅದರಲ್ಲಿ ಕಾರ್ಖಾನೆಯಲ್ಲೇ ವಿಟಮಿನ್ ಬೆರೆಸಿರುತ್ತಾರೆ. ಅಂದರೆ ಬಾಟಲಿ ಹೋಗುತ್ತಿರುವುದು ವಿಟಮಿನ್ ಮೊದಲೇ ಸಿಕ್ಕಿರುವ ನಾಯಿಗೆ. ರೊಟ್ಟಿ ತಿನ್ನುವ ನಾಯಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಈ ತಲೆಕೆಳಗಾದ ಲೆಕ್ಕ ಅರ್ಥವಾಗಬೇಕಾದರೆ ನಾಯಿಯ ಮೈ ಯಾವುದನ್ನು ತಾನೇ ಮಾಡಿಕೊಳ್ಳುತ್ತದೆ, ಯಾವುದನ್ನು ಹೊರಗಿನಿಂದ ಬೇಡುತ್ತದೆ ಎಂದು ನೋಡಬೇಕು. ಆ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಹುಡುಕಿದ್ದು ಹೈದರಾಬಾದಿನಲ್ಲಿ. ಹುಡುಕಲು ಬಳಸಿದ್ದು ಇದೇ ಜೋಳವನ್ನು.

ಆದರೆ ಕಥೆ ಶುರುವಾಗುವುದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಬಡವರ ನಡುವೆ ಪೆಲಾಗ್ರಾ ಎಂಬ ರೋಗ ಹಬ್ಬಿತು. ಬಿಸಿಲಿಗೆ ಒಡ್ಡಿದ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುವುದು, ನಿಲ್ಲದ ಭೇದಿ, ಕೊನೆಗೆ ಬುದ್ಧಿಭ್ರಮಣೆ. ಸೋಂಕು ಎಂದೇ ಹೆಚ್ಚಿನ ವೈದ್ಯರು ನಂಬಿದ್ದರು. ಸರಕಾರ 1914ರಲ್ಲಿ ಕಳಿಸಿದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ ಮಾತ್ರ ಅನಾಥಾಲಯ ಮತ್ತು ಜೈಲುಗಳ ಊಟದ ತಟ್ಟೆ ನೋಡಿದರು. ರೋಗ ಇದ್ದಲ್ಲೆಲ್ಲ ಮೆಕ್ಕೆಜೋಳವೇ ಊಟ. ಹಾಲು, ಮಾಂಸ, ಮೊಟ್ಟೆ ಸೇರಿಸಿದಲ್ಲಿ ರೋಗ ಮಾಯ. ಆದರೆ ಆಹಾರದೊಳಗೆ ಕಾಣೆಯಾಗಿರುವ ಆ ವಸ್ತು ಯಾವುದು? ಅದನ್ನು ಹುಡುಕಲು ಒಂದು ಪ್ರಾಣಿ ಬೇಕಿತ್ತು, ಸಿಕ್ಕಿದ್ದು ನಾಯಿ. ಪೆಲಾಗ್ರಾ ಇದ್ದ ಜನರ ಊಟವನ್ನೇ ನಾಯಿಗೆ ಹಾಕಿದರೆ ಅದರ ಬಾಯಿ ಕೆಂಪಾಗಿ ಹುಣ್ಣಾಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ನಾಲಿಗೆ ನೇರಳೆಗಪ್ಪಾಗಿ ನಾರುತ್ತಿತ್ತು, ರಕ್ತಭೇದಿಯಾಗಿ ನಾಯಿ ಸಾಯುತ್ತಿತ್ತು. ಈ ಕಾಯಿಲೆಗೆ ಕಪ್ಪು ನಾಲಿಗೆ ಎಂದೇ ಹೆಸರು.

ಗೋಲ್ಡ್‌ಬರ್ಗರ್ ಉತ್ತರ ಕಾಣದೆ 1929ರಲ್ಲಿ ತೀರಿಕೊಂಡರು. ಎಂಟು ವರ್ಷಗಳ ನಂತರ, 1937ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹೆಮ್ ಮತ್ತು ಸಂಗಡಿಗರು ಕಪ್ಪು ನಾಲಿಗೆಯಿಂದ ನರಳುತ್ತಿದ್ದ ನಾಯಿಗೆ ನಿಕೋಟಿನಿಕ್ ಆಮ್ಲ ಕೊಟ್ಟರು. ಕೊಟ್ಟದ್ದು ತೀರ ಸಣ್ಣ ಪ್ರಮಾಣ. ಊಟ ಬಿಟ್ಟಿದ್ದ ನಾಯಿ ಮತ್ತೆ ತಿನ್ನತೊಡಗಿತು, ತೂಕ ಏರಿತು, ಬಾಯಿಯ ಹುಣ್ಣು ಮಾಯಿತು. ಅದೇ ವರ್ಷ ಮನುಷ್ಯರ ಪೆಲಾಗ್ರಾಕ್ಕೂ ಅದೇ ಮದ್ದಾಯಿತು. ಇವತ್ತು ಮಲ್ಟಿವಿಟಮಿನ್ ಬಾಟಲಿಯ ಮೇಲೆ ನಿಯಾಸಿನ್, ನಿಕೋಟಿನಮೈಡ್ ಅಥವಾ ಬಿ3 ಎಂದು ಬರೆದಿರುವುದು ಇದನ್ನೇ. ನಾಯಿಗೆ ವಿಟಮಿನ್ ಕೊಡಬೇಕೇ ಎಂದು ಕೇಳುವ ಮುನ್ನ, ವಿಟಮಿನ್ ಎಂಬ ಅರಿವನ್ನು ಮನುಷ್ಯನಿಗೆ ಕೊಟ್ಟದ್ದರಲ್ಲಿ ನಾಯಿಯ ಪಾಲು ಎಷ್ಟು ದೊಡ್ಡದು ಎಂಬುದನ್ನು ನೆನೆಯಬೇಕು. ಆ ಋಣ ಸಣ್ಣದಲ್ಲ.

ಪೆಲಾಗ್ರಾ ಮೆಕ್ಕೆಜೋಳ ತಿನ್ನುವವರ ರೋಗ ಎಂದು ಜಗತ್ತು ತೀರ್ಮಾನಿಸಿದ್ದಾಗ, ದಖ್ಖನ್ ಪ್ರಸ್ಥಭೂಮಿಯ ವೈದ್ಯರಿಗೆ ಅದು ಮೆಕ್ಕೆಜೋಳವನ್ನೇ ಕಾಣದ ಜನರಲ್ಲಿ ಕಂಡಿತು. ಅವರು ತಿನ್ನುತ್ತಿದ್ದುದು ಜೋಳ. ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂದಿತ್ತು. ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಮುದಗಲ್ ಇರುವ ರಾಯಚೂರು ಜಿಲ್ಲೆ ಅದಕ್ಕೆ ಎರಡೇ ವರ್ಷ ಮೊದಲು, 1956ರ ನವೆಂಬರ್ 1ರವರೆಗೆ, ಹೈದರಾಬಾದ್ ರಾಜ್ಯದ ಭಾಗ. ಆ ಪ್ರಯೋಗಾಲಯದ ಸುತ್ತ ಇದ್ದದ್ದು ಮುದಗಲ್ಲಿನಂಥದೇ ಜೋಳದ ಸೀಮೆ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು ಒಂದು ಒಗಟನ್ನು ಮುಂದಿಟ್ಟರು. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಬಹಳ ಕಡಿಮೆ. ಅದರಿಂದಲೇ ಮೈ ನಿಯಾಸಿನ್ ತಯಾರಿಸಿಕೊಳ್ಳುವುದರಿಂದ ರೋಗ ಬರುವುದು ಸಹಜ. ಜೋಳದಲ್ಲಿ ಟ್ರಿಪ್ಟೊಫಾನ್ ಅಷ್ಟೇನೂ ಕಡಿಮೆ ಇಲ್ಲ. ಹಾಗಿದ್ದರೆ ರೋಗ ಏಕೆ? ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಈ ತಯಾರಿಕೆಗೆ ಅಡ್ಡ ಬರುತ್ತದೆ ಎಂದು ಅವರು ಊಹಿಸಿದರು.

ಊಹೆಯನ್ನು ಪರೀಕ್ಷಿಸಲು ಮತ್ತೆ ಬಂದದ್ದು ನಾಯಿ. 1965ರಲ್ಲಿ ಭವಾನಿ ಬೆಳವಡಿ ಮತ್ತು ಗೋಪಾಲನ್ ಜೋಳ ಬೆರೆಸಿದ ಆಹಾರದ ಮೇಲೆ ನಾಯಿಗಳನ್ನು ಬೆಳೆಸಿ ಅವುಗಳಲ್ಲಿ ಕಪ್ಪು ನಾಲಿಗೆ ಬರುವುದನ್ನು ತೋರಿಸಿದರು. ಎರಡು ವರ್ಷದ ನಂತರ ಲ್ಯೂಸಿನ್ ಬೆರೆಸಿದ ಆಹಾರದಿಂದಲೂ ನಾಯಿಮರಿಗಳಲ್ಲಿ ಅದೇ ಲಕ್ಷಣಗಳು ಕಂಡವು. ಇಲ್ಲಿಗೆ ಎಲ್ಲ ಮುಗಿಯಲಿಲ್ಲ. 1978ರಲ್ಲಿ ಅಮೆರಿಕದ ಮ್ಯಾನ್ಸನ್ ಮತ್ತು ಕಾರ್ಪೆಂಟರ್ ನಾಯಿಗಳಿಗೆ ಹೆಚ್ಚು ಲ್ಯೂಸಿನ್ ಕೊಟ್ಟು ನೋಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಲ್ಯೂಸಿನ್ ಎಷ್ಟರ ಮಟ್ಟಿಗೆ ಹೊಣೆ ಎಂಬ ವಾದ ಹೀಗೆ ಉಳಿದುಕೊಂಡಿತು. ಆದರೆ ವಾದದಲ್ಲಿ ಸಿಲುಕದ ಸಂಗತಿ ಒಂದಿದೆ: ಪೂರಕವಿಲ್ಲದ ಜೋಳದ ಮೇಲೆಯೇ ಬೆಳೆದ ನಾಯಿಗೆ ನಿಯಾಸಿನ್ ಸಾಲದೆ ಹೋಗಬಹುದು. ಬ್ಯಾಳಿ, ಮೊಸರು, ಪಲ್ಯ ಸೇರಿದ ಊಟದಲ್ಲಿ ಆ ಕೊರತೆ ತುಂಬಿಬರುತ್ತದೆ. ಮನುಷ್ಯನ ತಟ್ಟೆಗೂ ನಾಯಿಯ ಬಟ್ಟಲಿಗೂ ಇರುವ ವ್ಯತ್ಯಾಸ ಇದೇ.

ಹಾಗಿದ್ದರೆ ಮುದಗಲ್ಲಿನ ಕೋಟೆ ಸುತ್ತ ತಿರುಗುವ ಬೀದಿನಾಯಿಗಳಿಗೆಲ್ಲ ಕಪ್ಪು ನಾಲಿಗೆ ಬರಬೇಕಲ್ಲ? ಬರುವುದಿಲ್ಲ, ಏಕೆಂದರೆ ಅಡ್ಡಾಡುವ ನಾಯಿ ಬರೀ ರೊಟ್ಟಿ ತಿಂದು ಬದುಕುವುದಿಲ್ಲ. ಮಾಂಸದಂಗಡಿಯ ಚೂರು, ಇಲಿ, ಸತ್ತ ಕುರಿ, ಖಾನಾವಳಿಯ ಎಂಜಲು ಎಲ್ಲವೂ ಅದರ ಹೊಟ್ಟೆ ಸೇರುತ್ತವೆ. ಕುರಿಹಟ್ಟಿಯ ನಾಯಿಗೂ ಅಷ್ಟೇ, ಕುರಿ ಈದಾಗ ಬೀಳುವ ಮಾಸು ಅದರ ಪಾಲು. ಆತಂಕ ಇರುವುದು ಕಟ್ಟಿಹಾಕಿದ ನಾಯಿಯ ಬಗ್ಗೆ, ಅದರಲ್ಲೂ ಮರಿಯ ಬಗ್ಗೆ. ಸರಪಳಿಯ ಉದ್ದದಷ್ಟೇ ಅದರ ಲೋಕ. ಯಜಮಾನ ಹಾಕಿದ್ದೇ ಅದರ ಪೂರ್ತಿ ಆಹಾರ.

ರೊಟ್ಟಿಯನ್ನು ನಾಯಿ ಅರಗಿಸಿಕೊಳ್ಳುವುದಿಲ್ಲ, ಅದು ಮಾಂಸಾಹಾರಿ ಎಂಬ ಮಾತೂ ಈಚೆಗೆ ಕೇಳಿಬರುತ್ತದೆ. ಅದು ತಪ್ಪು. 2013ರಲ್ಲಿ ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ತಂಡ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದಂತೆ, ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುತ್ತದೆ. ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಕುಳಿತು ನಾಯಿ ಧಾನ್ಯಕ್ಕೆ ಒಗ್ಗಿದೆ. ರೊಟ್ಟಿ ಶಕ್ತಿ ಕೊಡುತ್ತದೆ. ಕೆಲವು ವಿಟಮಿನ್‌ಗಳನ್ನು ಕೊಡುವುದಿಲ್ಲ, ಅಷ್ಟೆ.

ವಿಟಮಿನ್ ಸಿ ವಿಷಯ ಬೇರೆಯೇ. ಮನುಷ್ಯ, ಮಂಗ, ಗಿನಿಯಿಲಿಗಳಿಗೆ ಇದನ್ನು ತಯಾರಿಸುವ ಶಕ್ತಿ ಇಲ್ಲ. ನಾಯಿಯ ಯಕೃತ್ತು ಸಕ್ಕರೆಯಿಂದಲೇ ಅದನ್ನು ಮಾಡಿಕೊಳ್ಳುತ್ತದೆ. ಆರೋಗ್ಯವಂತ ನಾಯಿಗೆ ನಿಂಬೆಹುಳಿಯೂ ಬೇಡ, ಮಾತ್ರೆಯೂ ಬೇಡ. ಆದರೂ ಓಟದ ನಾಯಿಗಳಿಗೆ ಸಿ ಕೊಟ್ಟರೆ ದಣಿವು ಕಡಿಮೆ ಎಂಬ ನಂಬಿಕೆ ಪಂದ್ಯದವರಲ್ಲಿ ಗಟ್ಟಿಯಾಗಿತ್ತು. ಅದನ್ನು ಅಳೆದೇ ನೋಡೋಣ ಎಂದು ಅಮೆರಿಕದ ಸಂಶೋಧಕರು ಗ್ರೇಹೌಂಡ್‌ಗಳಿಗೆ ದಿನಕ್ಕೆ 1 ಗ್ರಾಂ ವಿಟಮಿನ್ ಸಿ ಕೊಟ್ಟು 500 ಮೀಟರ್ ಓಡಿಸಿದರು. 2002ರಲ್ಲಿ ಬಂದ ಫಲಿತಾಂಶ ನಿರೀಕ್ಷೆಗೆ ತಿರುಗಿಬಿದ್ದಿತ್ತು: ನಾಯಿಗಳು ಸರಾಸರಿ 0.2 ಸೆಕೆಂಡು ನಿಧಾನವಾದವು. ಗೆರೆ ಮುಟ್ಟುವ ಹೊತ್ತಿಗೆ ಅದು ಸುಮಾರು 3 ಮೀಟರ್ ಅಂತರ. ಪರೀಕ್ಷೆಗೆ ಒಳಪಟ್ಟ ನಾಯಿಗಳು ಕಡಿಮೆ, ನಿಜ. ಆದರೂ ಕೊಟ್ಟರೆ ಒಳ್ಳೆಯದೇ ಆಗುತ್ತದೆ, ಕೆಡುಕಂತೂ ಇಲ್ಲ ಎಂಬ ಮಾತನ್ನು ಪ್ರಶ್ನಿಸಲು ಅಷ್ಟು ಸಾಕು.

ಈ ಫಲಿತಾಂಶ ಕನ್ನಡ ನಾಡಿಗೆ ಹತ್ತಿರದ್ದು. ಮುದಗಲ್ಲಿನಿಂದ ಪಶ್ಚಿಮಕ್ಕೆ, ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಗ್ರೇಹೌಂಡ್‌ನಂತೆಯೇ ಕಣ್ಣಿನಿಂದ ಬೇಟೆ ಗುರುತಿಸಿ ಓಡುವ ತಳಿ. ಉದ್ದ ಕಾಲು, ಆಳವಾದ ಎದೆ, ಒಳಗೆ ಎಳೆದುಕೊಂಡ ಹೊಟ್ಟೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದನ್ನು ಸಾಕಿ ಬೆಳೆಸುತ್ತಿದೆ. ಪಕ್ಕೆಲುಬು ಎಣಿಸುವಂತೆ ಕಾಣುವುದು ಈ ತಳಿಯ ಮೈಕಟ್ಟು. ಇದನ್ನು ಅರಿಯದವರು ನಾಯಿ ಸೊರಗಿದೆ ಎಂದು ಗಾಬರಿಯಾಗಿ ಟಾನಿಕ್ ತರುತ್ತಾರೆ. ಲ್ಯಾಬ್ರಡಾರ್‌ನ ಮೈಯನ್ನು ಅಳತೆಗೋಲಾಗಿ ಇಟ್ಟುಕೊಂಡು ಮುಧೋಳ ನಾಯಿಯನ್ನು ನೋಡಬಾರದು.

ಸಿ ತಾನೇ ಮಾಡಿಕೊಳ್ಳುವ ನಾಯಿ, ಡಿ ವಿಷಯದಲ್ಲಿ ಮಾತ್ರ ಅಸಹಾಯಕ. ಅದೂ ರಾಯಚೂರಿನ ಬಿಸಿಲಲ್ಲಿ! ಮನುಷ್ಯನ ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಎಂಬ ವಸ್ತು ಇರುತ್ತದೆ, ಬಿಸಿಲಿನ ನೇರಳಾತೀತ ಕಿರಣ ತಗಲಿದಾಗ ಅದು ಡಿ ಆಗುತ್ತದೆ. ನಾಯಿಯ ಚರ್ಮದಲ್ಲಿ ಒಂದು ಕಿಣ್ವ ಆ ವಸ್ತುವನ್ನು ಬಿಸಿಲು ತಾಗುವ ಮೊದಲೇ ಕೊಲೆಸ್ಟರಾಲ್ ಮಾಡಿಬಿಡುತ್ತದೆ. 1994ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಇಲಿ, ನಾಯಿ, ಬೆಕ್ಕುಗಳ ಚರ್ಮಕ್ಕೆ ಒಂದೇ ರೀತಿ ಕಿರಣ ಬಿಟ್ಟರು. ಇಲಿಯ ಚರ್ಮದಲ್ಲಿ ಡಿ ನಲವತ್ತು ಪಟ್ಟು ಏರಿತು, ನಾಯಿ ಬೆಕ್ಕುಗಳದ್ದರಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಬೇಸಿಗೆಯ 40 ಡಿಗ್ರಿಯಲ್ಲಿ ಅಂಗಳದಲ್ಲಿ ಮಲಗಿದ ನಾಯಿಗೆ ಸೂರ್ಯ ಕೊಡುವುದು ಸೆಕೆಯನ್ನು ಮಾತ್ರ. ಡಿ ಬಟ್ಟಲಿನಿಂದಲೇ ಬರಬೇಕು.

ಇದೇ ಕಾರಣಕ್ಕೋ ಏನೋ, ಡಿ ವಿಟಮಿನ್ ಪತ್ತೆಗೂ ನಾಯಿಯೇ ದಾರಿ ತೋರಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್ಬಿ ಎಂಬ ವೈದ್ಯ ನೂರಾರು ನಾಯಿಮರಿಗಳನ್ನು ಓಟ್ಸ್ ಗಂಜಿ, ಬ್ರೆಡ್ಡಿನಂಥ ಆಹಾರದ ಮೇಲೆ ಬೆಳೆಸಿ, ಅವುಗಳ ಕಾಲು ಬಿಲ್ಲಿನಂತೆ ಬಾಗುವುದನ್ನು ತೋರಿಸಿದರು. ಅದು ಆ ಕಾಲದ ಬ್ರಿಟನ್ನಿನ ಮಕ್ಕಳನ್ನು ಕಾಡುತ್ತಿದ್ದ ರಿಕೆಟ್ಸ್ ರೋಗವೇ. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟ ಮರಿಗಳು ಪಾರಾದವು. ಎಣ್ಣೆಯೊಳಗಿನ ಆ ವಸ್ತು ಎ ಅಲ್ಲ, ಬೇರೆಯೇ ಒಂದು ವಿಟಮಿನ್ ಎಂದು 1922ರಲ್ಲಿ ಅಮೆರಿಕದ ಮೆಕಾಲಮ್ ತಂಡ ಬಿಡಿಸಿ ತೋರಿಸಿತು. ಮೆಲನ್ಬಿಯ ಮರಿಗಳ ಓಟ್ಸ್ ಗಂಜಿಗೂ ಕಟ್ಟಿಹಾಕಿದ ಮುದಗಲ್ ಮರಿಯ ಜೋಳದ ನುಚ್ಚಿಗೂ ಈ ಒಂದು ಅಂಶದಲ್ಲಿ ವ್ಯತ್ಯಾಸವಿಲ್ಲ. ಎರಡರಲ್ಲೂ ಡಿ ಇಲ್ಲ.

ಇಷ್ಟು ಓದಿದವರು ಮನೆಯ ಕಪಾಟಿನತ್ತ ನೋಡುವುದು ಸಹಜ. ಅಲ್ಲೇ ಅಪಾಯ ಇರುವುದು. ಇಂದು ಅನೇಕ ಮನೆಗಳಲ್ಲಿ ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಅಥವಾ ಕ್ಯಾಪ್ಸೂಲ್ ಇರುತ್ತದೆ. 10 ಕಿಲೊ ತೂಕದ ನಾಯಿಗೆ ದಿನಕ್ಕೆ ಬೇಕಾಗುವ ಡಿ ಸುಮಾರು 100 ಯೂನಿಟ್. ಮನುಷ್ಯರ ಒಂದು ಪೊಟ್ಟಣ ಅದರ 600 ದಿನದ ಪಾಲು. ತೂಕದ ಲೆಕ್ಕದಲ್ಲಿ ಅದು ಕಿಲೊಗೆ 0.15 ಮಿಲಿಗ್ರಾಂ, ಕಿಲೊಗೆ 0.1 ಮಿಲಿಗ್ರಾಂ ದಾಟಿದರೆ ಪಶುವೈದ್ಯರು ಕೈಕಟ್ಟಿ ಕೂರುವುದಿಲ್ಲ. ನೀರಿನಲ್ಲಿ ಕರಗುವ ಬಿ ಗುಂಪು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ಡಿ ಹಾಗಲ್ಲ, ಮೈಯಲ್ಲಿ ಉಳಿಯುತ್ತದೆ, ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ನಾಯಿ ವಾಂತಿ ಮಾಡುತ್ತದೆ, ಊಟ ಬಿಡುತ್ತದೆ, ಮೇಲಿಂದ ಮೇಲೆ ನೀರು ಕುಡಿದು ಮೂತ್ರ ಮಾಡುತ್ತದೆ. ಆ ಹೊತ್ತಿಗೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟಲು ಶುರುವಾಗಿರಬಹುದು.

ತಜ್ಞರ ಕೈಯಲ್ಲೂ ಇದು ತಪ್ಪಿದ್ದಿದೆ. 2019ರ ಆರಂಭದಲ್ಲಿ ಅಮೆರಿಕದ ಹೆಸರಾಂತ ಕಂಪನಿಯೊಂದು ಡಬ್ಬಿಯಲ್ಲಿ ತುಂಬಿದ ನಾಯಿ ಆಹಾರವನ್ನು ಮಾರುಕಟ್ಟೆಯಿಂದ ವಾಪಸು ಪಡೆಯಿತು. ಬೆರೆಸಿದ ವಿಟಮಿನ್ ಮಿಶ್ರಣದಲ್ಲೇ ಡಿ ಮಿತಿಮೀರಿತ್ತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಪರೀಕ್ಷಿಸಿದ ಒಂದು ಮಾದರಿಯಲ್ಲಿ ಅದು ಸುರಕ್ಷಿತ ಮಿತಿಯ 33 ಪಟ್ಟಿಗಿಂತ ಹೆಚ್ಚು. ಮಿತಿ ಎಷ್ಟು ಕಿರಿದು ಎಂಬುದನ್ನೂ ನೋಡಬೇಕು. ಅಮೆರಿಕದ ಪಶು ಆಹಾರ ಮಾನದಂಡದ ಪ್ರಕಾರ ಒಂದು ಕಿಲೊ ಒಣ ಆಹಾರದಲ್ಲಿ ಡಿ ಕನಿಷ್ಠ 500 ಯೂನಿಟ್ ಇರಬೇಕು, 3,000 ದಾಟಬಾರದು. ಕೊರತೆಗೂ ಅತಿಗೂ ನಡುವೆ ಆರು ಪಟ್ಟಿನ ಅಂತರ. ಪೊಟ್ಟಣದ ಆಹಾರ ಈ ಅಂತರದ ಒಳಗೆ ಎಲ್ಲೋ ನಿಂತಿರುತ್ತದೆ. ಅದರ ಮೇಲೆ ಯಜಮಾನ ಪ್ರೀತಿಯಿಂದ ಸುರಿಯುವ ಸಿರಪ್ ಅದನ್ನು ಎಲ್ಲಿಗೆ ತಳ್ಳುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಕ್ಯಾಲ್ಸಿಯಂ ಕಥೆ ಇನ್ನೂ ನೋವಿನದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್ ಮರಿ ತಂದವರಿಗೆ ಮೂಳೆ ಗಟ್ಟಿಯಾಗಲಿ ಎಂಬ ಆಸೆ. ಬೆಳೆದ ನಾಯಿಯ ಕರುಳು ಬೇಕಾದಷ್ಟು ಕ್ಯಾಲ್ಸಿಯಂ ಒಳಗೆ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಎಳೆಯ ಮರಿಯ ಕರುಳು ಗೇಟಿಲ್ಲದ ಕಾಲುವೆ ತೂಬಿನಂತೆ, ಬಂದಷ್ಟೂ ಒಳಗೆ. 1985ರಲ್ಲಿ ಉಟ್ರೆಕ್ಟಿನ ಹೇಜ಼ವಿಂಕಲ್ ತಂಡ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಕೊಟ್ಟು ಬೆಳೆಸಿದಾಗ ಮೂಳೆ ಗಟ್ಟಿಯಾಗುವ ಬದಲು ಅವುಗಳ ಬೆಳವಣಿಗೆಯೇ ಕೆಟ್ಟು ಮರಿಗಳು ಕುಂಟಿದವು. ವಿರುದ್ಧ ತುದಿಯಲ್ಲಿ, ಬರೀ ಎಲುಬಿಲ್ಲದ ಕೋಳಿಮಾಂಸದ ಮೇಲೆ ಬೆಳೆದ ಮರಿಗೆ ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗಿ ಮುರಿಯುತ್ತದೆ. ಮೊದಲನೆಯ ಮರಿಗೆ ಸಿರಪ್ ವಿಷ, ಎರಡನೆಯದಕ್ಕೆ ಜೀವ. ಬಾಟಲಿ ಒಂದೇ. ಆದ್ದರಿಂದ ನೆರೆಮನೆಯ ನಾಯಿಗೆ ವೈದ್ಯರು ಬರೆದ ಚೀಟಿ ಹಿಡಿದು ಅಂಗಡಿಗೆ ಹೋಗುವುದು ಬೇಡ.

ಪೂರಕಗಳಿಂದ ಒಳ್ಳೆಯದೇ ಆಗಿಲ್ಲ ಎನ್ನುವುದೂ ಸರಿಯಲ್ಲ. ವಯಸ್ಸಾದ ಬೀಗಲ್ ನಾಯಿಗಳಿಗೆ ವಿಟಮಿನ್ ಇ, ಸಿ ಮತ್ತಿತರ ಉತ್ಕರ್ಷಣ ನಿರೋಧಕಗಳಿರುವ ಆಹಾರವನ್ನು ವರ್ಷಗಟ್ಟಲೆ ಕೊಟ್ಟ ಪ್ರಯೋಗದಲ್ಲಿ ಅವುಗಳ ಕಲಿಕೆಯ ಶಕ್ತಿ ಕುಂದುವುದು ನಿಧಾನವಾಯಿತು. ಅದರಲ್ಲೂ ಹೆಚ್ಚು ಚೆನ್ನಾಗಿ ಉಳಿದವು, ಆ ಆಹಾರದ ಜೊತೆಗೆ ಆಟಿಕೆ, ಓಡಾಟ, ಸಂಗಾತಿ ನಾಯಿ ಎಲ್ಲವೂ ಸಿಕ್ಕಿದ್ದ ನಾಯಿಗಳು. ಅಲಾಸ್ಕಾದ ಇಡಿಟರಾಡ್ ಹಿಮಬಂಡಿ ಓಟದಲ್ಲಿ ರಕ್ತದಲ್ಲಿ ವಿಟಮಿನ್ ಇ ಹೆಚ್ಚಿದ್ದ ನಾಯಿಗಳು ಓಟ ಮುಗಿಸುವ ಸಾಧ್ಯತೆ ಹೆಚ್ಚು ಎಂದು 2001ರ ಅಧ್ಯಯನ ಕಂಡಿತು. ಅವು ಸಾವಿರ ಮೈಲಿ ಓಡುವ ನಾಯಿಗಳು. ಅಂಗಳ ಕಾಯುವ ನಾಯಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಮನೆಯ ಅಡುಗೆಯೇ ಶ್ರೇಷ್ಠ, ಬಾಟಲಿ ಬೇಡ ಎನ್ನುವವರಿಗೂ ಒಂದು ಅಂಕಿ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು 2013ರಲ್ಲಿ ಪುಸ್ತಕ ಮತ್ತು ಅಂತರ್ಜಾಲದಿಂದ ನಾಯಿಯೂಟದ 200 ಪಾಕವಿಧಾನ ತೆಗೆದು ಲೆಕ್ಕ ಹಾಕಿದಾಗ 95 ಪ್ರತಿಶತದಲ್ಲಿ ಒಂದಾದರೂ ಪೋಷಕಾಂಶ ಕೊರತೆಯಾಗಿತ್ತು. ಅಂದರೆ ಬಟ್ಟಲಿನಲ್ಲಿ ಏನಿದೆ ಎಂದು ತಿಳಿಯದೆ ಪೂರಕ ಕೊಡುವುದೂ ಕತ್ತಲೆ, ಬಿಡುವುದೂ ಕತ್ತಲೆ. ಸೊರಗಿದ ನಾಯಿಯ ವಿಷಯದಲ್ಲಿ ಇನ್ನೊಂದು ಮಾತು: ಹೊಟ್ಟೆಯ ಜಂತುಹುಳ ಮತ್ತು ಉಣ್ಣೆಯಿಂದ ಬರುವ ಜ್ವರ ಈ ಬಿಸಿಲುನಾಡಿನಲ್ಲಿ ವಿಟಮಿನ್ ಕೊರತೆಗಿಂತ ಮೊದಲು ಅನುಮಾನಿಸಬೇಕಾದವು. ಒಸಡು ಬಿಳಿಚಿದ ನಾಯಿಗೆ ಟಾನಿಕ್ ಕುಡಿಸುತ್ತ ಎರಡು ವಾರ ಕಳೆದರೆ, ಉಣ್ಣೆಜ್ವರಕ್ಕೆ ಸಿಗಬೇಕಿದ್ದ ಎರಡು ವಾರ ಕಳೆದುಹೋಗುತ್ತದೆ. ಮನುಷ್ಯರ ಸಕ್ಕರೆರಹಿತ ಸಿರಪ್ ಮತ್ತು ಗಮ್ಮಿಗಳನ್ನಂತೂ ಮುಟ್ಟಿಸಬಾರದು. ಅವುಗಳಲ್ಲಿ ಕೆಲವಕ್ಕೆ ಸಿಹಿಗಾಗಿ ಹಾಕುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಗಂಟೆಯೊಳಗೆ ಇಳಿಸಿ ಪ್ರಾಣಕ್ಕೆ ಕುತ್ತು ತರುತ್ತದೆ.

ಇನ್ನು ಕಟ್ಟಿಹಾಕಿದ ರೊಟ್ಟಿ ನಾಯಿಗೆ ಬರೋಣ. 15 ಕಿಲೊ ತೂಕದ ನಾಯಿಗೆ ದಿನಕ್ಕೆ ಬೇಕಾದ ನಿಯಾಸಿನ್ ಸುಮಾರು 4 ಮಿಲಿಗ್ರಾಂ. ಬೇಯಿಸಿದ 50 ಗ್ರಾಂ ಕೋಳಿ ಲಿವರ್‌ನಲ್ಲಿ ಅದಕ್ಕಿಂತ ತುಸು ಹೆಚ್ಚೇ ಇದೆ, ಕೋಳಿ ಅಂಗಡಿಯಲ್ಲಿ ಅಷ್ಟಕ್ಕೆ ಹೆಚ್ಚು ಬೆಲೆಯೂ ಇಲ್ಲ. ವಾರದಲ್ಲಿ ಎರಡು ಮೂರು ದಿನ ಇಷ್ಟು ಲಿವರ್, ಉಳಿದ ದಿನ ರೊಟ್ಟಿಯ ಮೇಲೆ ಉಪ್ಪು ಖಾರ ಈರುಳ್ಳಿ ಬೀಳದ ಬ್ಯಾಳಿ ಅಥವಾ ಮಜ್ಜಿಗೆ ಬಿದ್ದರೆ 1965ರ ಆ ನಾಯಿಗಳ ಸ್ಥಿತಿಯಿಂದ ಅದು ದೂರ ಉಳಿಯುತ್ತದೆ. ಲಿವರ್‌ನಲ್ಲಿ ಎ ವಿಟಮಿನ್ ಕೂಡಿಟ್ಟಿರುತ್ತದೆ, ಹಾಗಾಗಿ ದಿನವೂ ಬಟ್ಟಲು ತುಂಬ ಹಾಕುವಂತಿಲ್ಲ. ಮೊಟ್ಟೆಯನ್ನು ಬೇಯಿಸಿಯೇ ಕೊಡಬೇಕು. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಬಯೋಟಿನ್ ಅನ್ನು ಹಿಡಿದಿಟ್ಟು ಕರುಳಿಗೆ ಬಿಡುವುದಿಲ್ಲ. ಕೃಷ್ಣೆ, ತುಂಗಭದ್ರೆಯ ಮೀನು ಸಿಕ್ಕರೆ ಅದು ಮೊಟ್ಟೆಗಿಂತ ಒಳ್ಳೆಯ ಡಿ ಮೂಲ. ಆದರೆ ಗೆಂಡೆ ಜಾತಿಯ ಹಸಿ ಮೀನಿನಲ್ಲಿರುವ ಥಯಾಮಿನೇಸ್ ಕಿಣ್ವ ಬಿ1 ಅನ್ನು ಒಡೆದುಹಾಕುತ್ತದೆ, ಬೆಂದರೆ ಆ ಕಿಣ್ವ ಸಾಯುತ್ತದೆ. ಮುಳ್ಳು ತೆಗೆದು ಬೇಯಿಸಿ ಹಾಕಬೇಕು.

ಒಂದು ಮೊಟ್ಟೆಯಲ್ಲಿ ಡಿ ಸುಮಾರು 40 ಯೂನಿಟ್ ಅಷ್ಟೇ. ಮೀನು ಮಾಂಸ ತರದ ಮನೆಯಲ್ಲಿ, ಪೊಟ್ಟಣದ ಆಹಾರವೂ ಇಲ್ಲದೆ, ರೊಟ್ಟಿ ಹಾಲಿನ ಮೇಲೆ ಬೆಳೆಯುವ ಮೂರು ತಿಂಗಳ ಮರಿಗೆ ನಿಜವಾಗಿ ಪೂರಕ ಬೇಕು. ಲಿಂಗಸುಗೂರಿನಂಥ ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಗೆ ಆ ಮರಿಯನ್ನು ರೇಬಿಸ್ ಲಸಿಕೆಗೆಂದು ಹೇಗೂ ಒಯ್ಯಬೇಕಾಗುತ್ತದೆ. ಆ ದಿನವೇ ತೂಕ ಮಾಡಿಸಿ, ಅದು ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿನ್ನುತ್ತದೆ ಎಂದು ವೈದ್ಯರಿಗೆ ಹೇಳಿ, ಡಿ ಮತ್ತು ಕ್ಯಾಲ್ಸಿಯಂ ಎಷ್ಟು ಹನಿ, ಎಷ್ಟು ತಿಂಗಳು ಎಂದು ಬರೆಸಿಕೊಳ್ಳಬಹುದು. ಮರಿಯ ತೂಕ ವಾರವಾರಕ್ಕೆ ಏರುವುದರಿಂದ ಆ ಅಳತೆಯನ್ನು ಮುಂದಿನ ಲಸಿಕೆಯ ದಿನ ಮತ್ತೆ ಕೇಳಬೇಕು.